ಹದಿನಾಲ್ಕನೆಯ ಪುಟ

ಹಲ್ಲುಜ್ಜಿ ಮುಗಿಯುವಷ್ಟರಲ್ಲಿ ಅವಳು ಮೊದಲ ವಾಕ್ಯವನ್ನು ನಾಲ್ಕು ಸಲ ಬದಲಿಸಿದ್ದಳು. ‘ಕಳೆದ ಪರಿಶೀಲನಾ ಸಭೆಯ ನಂತರ ಕಾಮಗಾರಿಯಲ್ಲಿ ಗಣನೀಯ ಪ್ರಗತಿಯಾಗಿದ್ದು’ ಎಂದು ಶುರುವಾದದ್ದು, ಬಾಯಿ ಮುಕ್ಕಳಿಸುವ ಹೊತ್ತಿಗೆ ‘ಕೆಲವೊಂದು ಅಂಶಗಳನ್ನು ಹೊರತುಪಡಿಸಿ’ ಎಂಬ ಬಾಲವನ್ನೂ ಬೆಳೆಸಿಕೊಂಡಿತ್ತು. ಆ ಕೆಲವೊಂದು ಅಂಶಗಳನ್ನು ಅವಳು ನೊರೆಯ ಜೊತೆ ಉಗುಳಿ, ನಲ್ಲಿ ತಿರುಗಿಸಿ, ಬಿಳಿಯ ನೀರು ಸುತ್ತಿ ಸುತ್ತಿ ತೂತಿಗೆ ಇಳಿಯುವುದನ್ನು ನೋಡುತ್ತ ನಿಂತಳು. ಕೆಲವೊಂದು ಎಲ್ಲಿಯದು? ಒಂದೇ ಒಂದು. ಆಸ್ಪತ್ರೆಯ ಹೊಸ ಕಟ್ಟಡದ ಮೂರನೆಯ ಮಹಡಿಯಲ್ಲಿ, ಹುಟ್ಟಿ ಇನ್ನೂ ಸರಿಯಾಗಿ ಉಸಿರಾಡಲು ಕಲಿಯದ ಕೂಸುಗಳಿಗೆಂದೇ ಮಾಡಿದ ವಾರ್ಡಿನಲ್ಲಿ, ಆಮ್ಲಜನಕದ ಕೊಳವೆ ಎಲ್ಲೋ ಸೋರುತ್ತಿತ್ತು. ಇನ್ನು ಹನ್ನೊಂದು ದಿನಕ್ಕೆ ಕೂಸುಗಳನ್ನು ಹಳೆಯ ಕಟ್ಟಡದಿಂದ ಅಲ್ಲಿಗೆ ಸಾಗಿಸುವುದೆಂದು ದಿನ ಗೊತ್ತಾಗಿತ್ತು. ಸೋರುವ ಸಂಗತಿ ಅವಳಿಗೆ ಒಂದು ತಿಂಗಳಿನಿಂದ ಗೊತ್ತಿತ್ತು. ಇಡೀ ಕಟ್ಟಡದ ಅನಿಲದ ಕೊಳವೆಗಳ ಎಂಜಿನಿಯರ್ ಅವಳು. ಅವಳಿಗೆ ಗೊತ್ತಿರದೆ ಇನ್ನಾರಿಗೆ ಗೊತ್ತಿರಬೇಕು? ಇವತ್ತು ಹತ್ತೂವರೆಗೆ ಆಸ್ಪತ್ರೆಯ ಅಧ್ಯಕ್ಷೆಯ ಮುಂದೆ, ಏಳು ನಿಮಿಷದಲ್ಲಿ, ಕೆಲಸ ಎಲ್ಲಿಗೆ ಬಂತು ಎಂದು ಅವಳು ಹೇಳಬೇಕಿತ್ತು.

ಕಚೇರಿಯಲ್ಲಿ ಅವಳಿಗೆ ‘ಪೀಠಿಕೆ’ ಎಂದು ಹೆಸರಿತ್ತು. ಬೆನ್ನ ಹಿಂದಿನ ಹೆಸರು. ಆದರೆ ಬೆನ್ನಿಗೂ ಕಿವಿಯಿರುತ್ತದೆ. ಒಮ್ಮೆ ಲಿಫ್ಟಿನೊಳಗಿಂದ ಯಾರೋ, “ಬೇಗ ಮುಚ್ಚೋ ಬಾಗಿಲು, ಪೀಠಿಕೆ ಬರ್ತಾ ಇದ್ದಾಳೆ, ಐದನೇ ಮಹಡಿ ಬಂದ್ರೂ ಮೊದಲನೇ ಅಧ್ಯಾಯ ಶುರುವಾಗಲ್ಲ,” ಅಂದದ್ದು ಅವಳಿಗೆ ಚೆನ್ನಾಗಿಯೇ ಕೇಳಿಸಿತ್ತು. ಕೇಳಿಸದವಳ ಹಾಗೆ ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡು, ಬಾಗಿಲು ಮುಚ್ಚಿದ ಮೇಲೆ ಮೆಟ್ಟಿಲು ಹತ್ತಿದ್ದಳು. ಸಿಟ್ಟು ಬಂದಿರಲಿಲ್ಲ. ಅವರು ಅಂದದ್ದರಲ್ಲಿ ಸುಳ್ಳೇನಿತ್ತು? ಯಾವುದನ್ನೇ ಆಗಲಿ, ಅದು ಎಲ್ಲಿಂದ ಹೊರಟಿತು, ದಾರಿಯಲ್ಲಿ ಯಾರು ಯಾರು ಸಿಕ್ಕರು ಎಂದು ಹೇಳದೆ ಅವಳಿಗೆ ಹೇಳಲು ಬರುತ್ತಿರಲಿಲ್ಲ. ಚಿಕ್ಕವಳಿದ್ದಾಗ ಮನೆಯ ನಿಲುಗನ್ನಡಿ ಒಡೆದಾಗ, ಒಡೆಯಿತು ಎನ್ನುವ ಮೊದಲು ಗಾಳಿ ಬೀಸಿದ್ದು, ಕಿಟಕಿಯ ಚಿಲಕ ಸಡಿಲವಾಗಿದ್ದದ್ದು, ಚಿಲಕದ ವಿಷಯ ಅಪ್ಪನಿಗೆ ಎರಡು ಸಲ ನೆನಪಿಸಿದ್ದು, ಎಲ್ಲವನ್ನೂ ಅವಳು ಹೇಳಿದ್ದಳು. ಕನ್ನಡಿಯ ಚೂರು ಮಾತಿನೊಳಗೆ ಬರುವಷ್ಟರಲ್ಲಿ ಅಮ್ಮನ ಎತ್ತಿದ ಕೈ ತಾನಾಗಿಯೇ ಸೋತು ಕೆಳಗಿಳಿದಿತ್ತು. ಮಾತು ಉದ್ದವಾದಷ್ಟೂ ಏಟು ಗಿಡ್ಡ. ಎಂಟನೆಯ ವಯಸ್ಸಿಗೆ ಕಲಿತದ್ದನ್ನು ನಲವತ್ತಾರಕ್ಕೂ ಅವಳು ಬಿಟ್ಟಿರಲಿಲ್ಲ.

“ಏನೇ ಅದು ಗೊಣಗೊಣ? ಬೆಳಿಗ್ಗೆ ಬೆಳಿಗ್ಗೆ ಯಾರನ್ನ ಬೈತಾ ಇದ್ದೀಯ?” ಒಲೆಯ ಮುಂದಿನಿಂದ ಅತ್ತೆ ಕೇಳಿದರು. ಅತ್ತೆಗೆ ಕಿವಿ ಮಂದವಾಗಿ ಆರು ವರ್ಷವಾಗಿತ್ತು. ಕಿವಿಗೆ ಹಾಕಿಕೊಳ್ಳುವ ಯಂತ್ರ ಮೇಜಿನ ಖಾನೆಯಲ್ಲಿತ್ತು. ಅದನ್ನು ಹಾಕಿಕೊಂಡರೆ ಲೋಕದ ರಗಳೆಯೆಲ್ಲ ಒಳಗೆ ಬರುತ್ತದೆಂದು ಅವರ ದೂರು. ಗೊಣಗಿದ್ದು ಮಾತ್ರ ಅದು ಹೇಗೋ ಕೇಳಿಸುತ್ತಿತ್ತು.

“ಬೈತಾ ಇಲ್ಲ ಅತ್ತೆ. ಇವತ್ತು ಮೀಟಿಂಗು. ಹೇಳೋದನ್ನ ಬಾಯಿಪಾಠ ಮಾಡ್ತಾ ಇದ್ದೆ.”

“ಹಾಗಿದ್ರೆ ನನಗೇ ಹೇಳು. ನನಗೆ ತಿಳಿದ್ರೆ ಊರಿಗೇ ತಿಳಿಯುತ್ತೆ.”

ಅವಳು ಲೋಟ ಕೆಳಗಿಟ್ಟು, ಅತ್ತೆಗೆ ತುಟಿ ಕಾಣುವ ಹಾಗೆ ಎದುರು ನಿಂತು ಶುರುಮಾಡಿದಳು. ಗಣನೀಯ ಪ್ರಗತಿ ಮುಗಿದು ತಾಮ್ರದ ಕೊಳವೆಗಳ ಗುಣಮಟ್ಟಕ್ಕೆ ಬರುವಷ್ಟರಲ್ಲಿ ಅತ್ತೆ ಒಲೆಯ ಕಡೆ ತಿರುಗಿಯಾಗಿತ್ತು. “ನಿನ್ನ ಮಾತಲ್ಲಿ ಕಾಳು ಎಲ್ಲಿದೆ ಅಂತ ಹುಡುಕೋಷ್ಟರಲ್ಲಿ ನನ್ನ ಹಾಲು ಉಕ್ಕಿಹೋಗುತ್ತೆ ಕಣೇ. ಮೊದಲು ಯಾರು ಸತ್ರು ಅಂತ ಹೇಳು. ಹೇಗೆ ಸತ್ರು ಅನ್ನೋದು ಆಮೇಲೆ.”

“ಯಾರೂ ಸತ್ತಿಲ್ಲ ಅತ್ತೆ.”

“ಮತ್ಯಾಕೆ ಹೀಗೆ ಹೆದರಿದ್ದೀಯ?”

ಯಾರೂ ಸತ್ತಿಲ್ಲ ಎಂಬ ಮಾತಿನ ಹಿಂದೆ ‘ಇನ್ನೂ’ ಎಂಬ ಎರಡಕ್ಷರ ಅಂಟಿಕೊಂಡು ಬಂದದ್ದು ಅವಳಿಗೆ ಮಾತ್ರ ಕೇಳಿಸಿತ್ತು. ಅವಳಿಗೆ ರೇಗಿಹೋಯಿತು, ಅತ್ತೆಯ ಮೇಲೋ, ತನ್ನ ಮೇಲೋ ತಿಳಿಯದೆ, “ಪೈಪು ಸೋರ್ತಾ ಇದೆ!” ಎಂದು ಕಿರುಚಿದಳು.

“ಎಲ್ಲಿ, ಬಚ್ಚಲಲ್ಲಾ?”

“ಆಸ್ಪತ್ರೇಲಿ! ಎಳೇ ಮಕ್ಕಳ ವಾರ್ಡಲ್ಲಿ! ಆಕ್ಸಿಜನ್ ಪೈಪು!”

ಎದುರು ಮನೆಯ ಕಿಟಕಿಯಲ್ಲಿ ಒಂದು ತಲೆ ಕಾಣಿಸಿಕೊಂಡು ಮರೆಯಾಯಿತು. ಅತ್ತೆ ಒಲೆ ಆರಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ತಿರುಗಿದರು. “ಅಯ್ಯೋ. ಯಾರಿಗೆ ಹೇಳಿದ್ದೀಯ ಇದನ್ನ?” ಅವಳು ಕೇಳಿಸದವಳಂತೆ ಚೀಲದ ಜಿಪ್ಪು ಎಳೆಯತೊಡಗಿದಳು. ಕಿವಿ ಕೇಳದವರ ಮುಂದೆ ತಾನೇ ಕಿವುಡಿಯಾದೆನಲ್ಲ ಎಂದು ಮೆಟ್ಟಿಲಿಳಿಯುವಾಗ ನಗುವೂ ಬಂತು, ಅಳುವೂ ಬಂತು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಗಾಜಿನಾಚೆ ಅಂಗಡಿಗಳ ಬಾಗಿಲು ಒಂದೊಂದಾಗಿ ಮೇಲಕ್ಕೆ ಸುರುಳಿಯಾಗುತ್ತಿದ್ದವು, ಯಾರೋ ಮೆಟ್ಟಿಲಿಗೆ ನೀರು ಚೆಲ್ಲುತ್ತಿದ್ದರು, ಮತ್ತು ಅಧ್ಯಕ್ಷೆ ತಮ್ಮ ಕೈಗಡಿಯಾರದ ಮುಖವನ್ನು ಮಣಿಕಟ್ಟಿನ ಒಳಗಡೆಗೆ ತಿರುಗಿಸಿಕೊಳ್ಳುತ್ತಿದ್ದರು. ಹೋದ ತಿಂಗಳ ಸಭೆಯಲ್ಲಿ ಅವರು ಗಡಿಯಾರ ನೋಡಿರಲಿಲ್ಲ. ನೋಡಬಾರದೆಂದು ಅದರ ಮುಖವನ್ನೇ ತಿರುಗಿಸಿಬಿಟ್ಟಿದ್ದರು. ಆ ಸೌಜನ್ಯ ಅವಳನ್ನು ಚುಚ್ಚಿದಷ್ಟು ಒಂದು ಆಕಳಿಕೆಯೂ ಚುಚ್ಚುತ್ತಿರಲಿಲ್ಲ. ಪರದೆಯ ಮೇಲೆ ತೋರಿಸಲು ಅವಳು ಇಪ್ಪತ್ತೆರಡು ಪುಟ ತಂದಿದ್ದಳು. ಮೊದಲನೆಯದು ಶೀರ್ಷಿಕೆ, ಎರಡನೆಯದು ಹಿನ್ನೆಲೆ, ಮೂರನೆಯದು ಕೊಳವೆಗಳನ್ನು ತೊಳೆಯುವ ವಿಧಾನ. ಆರನೆಯದಕ್ಕೆ ಬಂದಾಗ ಅಧ್ಯಕ್ಷೆ ಮೃದುವಾಗಿಯೇ, “ಒಟ್ಟಿನಲ್ಲಿ ಏನು?” ಎಂದಿದ್ದರು. ಸೋರಿಕೆಯಿದ್ದದ್ದು ಹದಿನಾಲ್ಕನೆಯ ಪುಟದಲ್ಲಿ; ಅಲ್ಲೂ ನಾಲ್ಕನೆಯ ಸಾಲಿನಲ್ಲಿ, ‘ಒತ್ತಡ ಪರೀಕ್ಷೆಯಲ್ಲಿ ಅಲ್ಪ ವ್ಯತ್ಯಾಸ, ಪರಿಶೀಲನೆಯಲ್ಲಿದೆ’ ಎಂಬ ವೇಷದಲ್ಲಿ. ಹೇಳಬೇಕಾದ ಮಾತು ಗಂಟಲವರೆಗೆ ಬಂದಿತ್ತು. ಬಾಯಿಗೆ ಬಂದದ್ದು ಬೇರೆ: “ಒಟ್ಟಿನಲ್ಲಿ... ನಡೀತಾ ಇದೆ ಮೇಡಂ.”

“ನಡ್ಕೊಂಡು ಬರ್ತಾ ಇದೆಯೋ, ಓಡ್ಕೊಂಡೋ?” ಎಂದು ಕಾರ್ಯಾಚರಣೆಯ ಮುಖ್ಯಸ್ಥ ನಗೆಯಾಡಿದ. ಮೇಜಿನ ಸುತ್ತಲೂ ಎಲ್ಲರೂ ನಕ್ಕರು. ಅವಳೂ ನಕ್ಕಳು. ಅದು, ತಾನೂ ನಕ್ಕದ್ದು, ಇಷ್ಟು ದಿನವಾದರೂ ಬಸ್ಸಿನ ಕುಲುಕಾಟದಲ್ಲಿ, ಸ್ನಾನದ ನೀರು ತಲೆಯ ಮೇಲೆ ಬೀಳುವಾಗ, ಗಂಡ ಏನೋ ತಮಾಷೆ ಹೇಳಿ ಅವಳ ಮುಖ ನೋಡುವಾಗ, ಬಿಸಿ ಬಿಸಿಯಾಗಿ ಕಿವಿಗೆ ಏರುತ್ತಿತ್ತು. ಆದರೆ ಆ ನಗುವಿನ ಕೆಳಗೆ ಇನ್ನೊಂದು ಇತ್ತು. ಅವಳು ಯಾರಿಗೂ ಹೇಳಿಕೊಳ್ಳಲಾರದಂಥದ್ದು. ತಣ್ಣನೆಯ ಒಂದು ಸುಖ. ಸದ್ಯ, ಹದಿನಾಲ್ಕನೆಯ ಪುಟ ಬರಲಿಲ್ಲ. ವರದಿಯಲ್ಲಿ ಬರೆದಿದ್ದೇನೆ, ಅವರು ಓದಲಿಲ್ಲ, ನನ್ನ ತಪ್ಪೇನು? ಒಂದು ಪುಟಕ್ಕೆ ತಾನು ಎಷ್ಟು ಮಾತಾಡುತ್ತೇನೆ, ಏಳು ನಿಮಿಷದಲ್ಲಿ ಎಲ್ಲಿಗೆ ಮುಟ್ಟುತ್ತೇನೆ ಎಂಬುದು ಹನ್ನೆರಡು ವರ್ಷ ಅದೇ ಕೆಲಸ ಮಾಡಿದವಳಿಗೆ ತಿಳಿಯದ್ದೇನಲ್ಲ. ಹಾಗಾದರೆ ಲೆಕ್ಕ ಹಾಕಿಯೇ ಅದನ್ನು ಹದಿನಾಲ್ಕಕ್ಕೆ ಇಟ್ಟೆನೇ? ಕಂಡಕ್ಟರು ಅವಳ ಭುಜ ತಟ್ಟಿದ. “ಕೊನೇ ಸ್ಟಾಪು ಅಮ್ಮಾ. ಇಳಿಯೋದಿಲ್ವಾ?”

ಸಭೆಗೆ ಇನ್ನೂ ಒಂದೂವರೆ ಗಂಟೆಯಿತ್ತು. ಅವಳು ನೇರ ಹೊಸ ಕಟ್ಟಡದ ಮೂರನೆಯ ಮಹಡಿಗೆ ಹೋದಳು. ಹೊಸ ಬಣ್ಣದ ವಾಸನೆ, ಪ್ಲಾಸ್ಟಿಕ್ಕು ಬಿಚ್ಚದ ಮಂಚಗಳು. ಎದುರಿನ ಉದ್ದ ಗೋಡೆಯ ತುಂಬ ಒಂದು ಕೊಳ. ಮೀನುಗಳು, ಆಮೆಗಳು, ನೀರಿನ ಮೇಲೆ ಬಿದ್ದ ಎಲೆಗಳ ನೆರಳು. ಅಧ್ಯಕ್ಷೆಯೇ ಚಿತ್ರ ಆರಿಸಿ, ಚಿತ್ರಗಾರನನ್ನು ಕರೆಸಿ, ಮೂರು ವಾರ ಬರೆಸಿದ್ದರು. ಉದ್ಘಾಟನೆಯ ಆಮಂತ್ರಣ ಪತ್ರದ ಮೇಲೂ ಅದೇ ಕೊಳ. ಗೋಡೆಯ ಕೊನೆಯಲ್ಲಿ ಒತ್ತಡ ಅಳೆಯುವ ಮಾಪಕದ ಮುಂದೆ ಬೆಸುಗೆಯ ಯಜಮಾನರು ಕುಕ್ಕರುಗಾಲಿನಲ್ಲಿ ಕೂತಿದ್ದರು. ನಲವತ್ತು ವರ್ಷ ಬೆಂಕಿಯ ಮುಂದೆ ಕೂತು ಅವರ ಹುಬ್ಬಿನ ಕೂದಲು ಉದುರಿಹೋಗಿತ್ತು. ಅದರಿಂದ ಅವರ ಮುಖದಲ್ಲಿ ಸದಾ ಒಂದು ಅಚ್ಚರಿ. ನಿನ್ನೆ ಬೆಳಿಗ್ಗೆ ಅವರು ಮಾಪಕದ ಗಾಜಿನ ಮೇಲೆ ಮೇಣದ ಪೆನ್ಸಿಲಿನಿಂದ ಎಳೆದ ಗೆರೆಯ ಮೇಲೆ ಮುಳ್ಳು ನಿಂತಿರಬೇಕಿತ್ತು. ಅದು ಕೆಳಗೆ ಜಾರಿತ್ತು.

“ಮೇಲ್ಗಡೆ ಕೈಗೆ ಸಿಗೋ ಎಪ್ಪತ್ತೆರಡು ಬೆಸುಗೆ ಬಿಚ್ಚಿ ಮತ್ತೆ ಹಾಕಾಯ್ತು. ಉಳಿದಿದ್ದು ಈ ಗೋಡೆ ಒಳಗಿರೋ ಹತ್ತೊಂಬತ್ತು. ಅದರಲ್ಲೇ ಎಲ್ಲೋ ಇದೆ,” ಎಂದರು ಯಜಮಾನರು. “ಮೇಲಿನೋರು ಏನಂದ್ರಮ್ಮಾ? ಹೋದ ತಿಂಗಳೇ ಹೇಳಿದ್ದೀನಿ ಅಂದ್ರಲ್ಲ.”

ಹೌದು, ಹೇಳಿದ್ದೇನೆ ಅಂದಿದ್ದಳು. ಸಭೆ ಮುಗಿಸಿ ಬಂದ ಸಂಜೆ, ಇದೇ ಜಾಗದಲ್ಲಿ, ಕಣ್ಣು ಮಾಪಕದ ಮೇಲಿಟ್ಟು. ಆಗ ಈ ಗೋಡೆ ಬರಿಯ ಗಾರೆಯ ಗೋಡೆಯಾಗಿತ್ತು. ಈಗ ಒಂದು ಆಮೆ ಕತ್ತು ಹೊರಚಾಚಿ ಅವಳನ್ನೇ ನೋಡುತ್ತಿತ್ತು.

“ಹೇಳಿಲ್ಲ,” ಅಂದಳು.

ಯಜಮಾನರು ಎದ್ದು ನಿಂತರು. ಬೈಯುತ್ತಾರೆಂದು ಕಾದಳು. ಅವರು ಕೈವಸ್ತ್ರದಿಂದ ಒಂದೊಂದೇ ಬೆರಳು ಒರೆಸಿಕೊಂಡರು. “ನಮ್ಮೋರು ನಾಲ್ಕು ಭಾನುವಾರ ರಜಾ ಬಿಟ್ಟು ಬಂದ್ರು. ಮೇಲಿನೋರಿಗೆ ಎಲ್ಲಾ ಗೊತ್ತು, ಕಾಯ್ತಾ ಇದ್ದಾರೆ ಅಂತ ನಾನೇ ಹೇಳಿ ಕರೆಸಿದ್ದು. ಈಗ ನಾನೂ ಸುಳ್ಳುಗಾರ ಆದೆ, ಅಲ್ವಾ?”

ಇಷ್ಟು ದಿನ ತನ್ನ ಸುಳ್ಳು ತನ್ನ ಹೊಟ್ಟೆಯೊಳಗೇ ಇದೆ, ಸುಡುವುದಾದರೆ ತನ್ನೊಬ್ಬಳನ್ನೇ ಎಂದು ಭಾವಿಸಿದ್ದಳು. ಅದು ಈ ಮನುಷ್ಯನ ನಾಲಿಗೆಯಿಂದ ಇಳಿದು, ಅವರ ಕೆಲಸದವರ ಭಾನುವಾರಗಳನ್ನು ತಿಂದು, ಅವರ ಮನೆಗಳವರೆಗೂ ಹೋಗಿಬಂದಿದೆ ಎಂಬುದು ಅವಳ ಲೆಕ್ಕಕ್ಕೇ ಬಂದಿರಲಿಲ್ಲ. ಕೊನೆಗೆ, “ಗೋಡೆ ಒಡೆಯೋಕೆ ಬಿಟ್ರೆ ಎಷ್ಟು ದಿನ ಬೇಕು?” ಎಂದು ಕೇಳಿದಳು.

“ಹದಿನೆಂಟು. ಪರೀಕ್ಷೆ ಸೇರಿ. ಬೇಕಾದ್ರೆ ಹತ್ತೊಂಬತ್ತು ಅನ್ನಿ, ಹದಿನೇಳು ಅನ್ಬೇಡಿ.”

“ಕೆಳಗಿನ ಎರಡು ಮಹಡಿ?”

“ಅವು ಗಟ್ಟಿ. ಒಂದೊಂದು ಮಹಡಿಗೂ ಬೇರೆ ಬೇರೆ ವಾಲ್ವು ಇದೆ. ಇದನ್ನ ಮುಚ್ಚಿಟ್ರೆ ಅವಕ್ಕೇನೂ ತೊಂದರೆ ಇಲ್ಲ.” ಅವರು ಮತ್ತೆ ಮಾಪಕದ ಮುಂದೆ ಕೂತರು. ಅವಳು ಹೊರಟಾಗ ತಿರುಗಿ ನೋಡಲಿಲ್ಲ.

ಹಳೆಯ ಕಟ್ಟಡದ ಐದನೆಯ ಮಹಡಿಯ ಸಭಾಂಗಣದ ಹೊರಗೆ, ಗೋಡೆಗಂಟಿದ ಬೆಂಚಿನ ಮೇಲೆ, ಅವಳ ಮೇಲಧಿಕಾರಿ ಯೋಜನಾ ನಿರ್ದೇಶಕ ಲ್ಯಾಪ್‌ಟಾಪನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಕೆಟ್ಟವನಲ್ಲ. ಯಾರಿಗೂ ಗದರಿದವನಲ್ಲ. ಸೋರಿಕೆಯ ಬಗ್ಗೆ ಅವಳು ಬರೆದ ಎರಡು ಪುಟದ ಪತ್ರಕ್ಕೆ ಹೆಬ್ಬೆರಳೆತ್ತಿದ ಒಂದು ಚಿತ್ರ ಕಳಿಸಿ ಮುಗಿಸಿದವನು. ಪರದೆಯಲ್ಲಿ ‘ಅನಿಲ ಕೊಳವೆ’ ಎಂಬ ಸಾಲಿನ ಪಕ್ಕ ಒಂದು ಹಸಿರು ಚುಕ್ಕಿಯಿತ್ತು. “ಹಸಿರೇ ಇರ್ಲಿ,” ಎಂದ ಅವನು ತಗ್ಗಿದ ದನಿಯಲ್ಲಿ, ಅವಳು ಬಾಯಿ ತೆರೆಯುವ ಮೊದಲೇ. “ಹಸಿರು ಅಂದ್ರೆ ‘ಮುಂದಿನ ವಿಷಯ’. ಹಳದಿ ಅಂದ್ರೆ ಪ್ರಶ್ನೆ. ಕೆಂಪು ಅಂದ್ರೆ ಶವಪರೀಕ್ಷೆ. ಇನ್ನೂ ಹನ್ನೊಂದು ದಿನ ಇದೆಯಲ್ಲ, ಅಷ್ಟರಲ್ಲಿ ಏನಾದ್ರೂ ಆಗುತ್ತೆ.”

“ಏನಾಗುತ್ತೆ ಸಾರ್?”

“ಏನಾದ್ರೂ,” ಎಂದ.

ಆಗಲೇ ಸಭಾಂಗಣದ ಬಾಗಿಲು ತೆರೆದು ಅಧ್ಯಕ್ಷೆಯ ಕಾರ್ಯದರ್ಶಿ ತಲೆ ಹೊರಹಾಕಿದಳು. “ಏಳು ನಿಮಿಷ ಆಗಲ್ಲ. ಎರಡೇ. ಮೇಡಂ ಹೊರಡ್ಬೇಕು. ಬನ್ನಿ ಬನ್ನಿ.” ನಿರ್ದೇಶಕನ ಮುಖ ಸಡಿಲವಾಯಿತು. ಮತ್ತು ಅವಳೊಳಗೂ, ಹೊಟ್ಟೆಯ ತಳದಲ್ಲಿ, ಅದೇ ತಣ್ಣನೆಯ ಸುಖ ಮೆಲ್ಲಗೆ ಹರಡಿತು. ಎರಡು ನಿಮಿಷ. ಎರಡರಲ್ಲಿ ಎರಡನೆಯ ಪುಟವೂ ಮುಗಿಯುವುದಿಲ್ಲ. ಸದ್ಯ. ಆ ‘ಸದ್ಯ’ವನ್ನು ಅವಳು ಈ ಸಲ ಗುರುತು ಹಿಡಿದಳು. ಬಾಗಿಲ ಹಿಡಿಗೆ ಕೈ ಚಾಚಿದವಳು ಅಲ್ಲೇ ನಿಂತುಬಿಟ್ಟಳು. ಹೋದ ತಿಂಗಳು ಮಾತಾಡಿದ್ದು ಇದೇ, ತಾನಲ್ಲ. ಇಪ್ಪತ್ತೆರಡು ಪುಟ ಬರೆದದ್ದೂ ಇದೇ. ಇಷ್ಟು ವರ್ಷ ತನ್ನ ಸ್ವಭಾವ, ತನ್ನ ವಿನಯ, ತನ್ನ ಕೂಲಂಕಷತೆ ಎಂದು ಸಾಕಿಕೊಂಡದ್ದು ಬರಿಯ ಒಂದು ಎತ್ತಿದ ಕೈಯ ಹೆದರಿಕೆ. ಆ ಕೈ ಈಗ ಲೋಕದಲ್ಲೇ ಇಲ್ಲ. ಅವಳಿಗೆ ಅಮ್ಮನನ್ನು ನೆನೆದು ಅಯ್ಯೋ ಎನಿಸಿತು. ಪಾಪ, ಒಂದು ಏಟು ಕೊಟ್ಟಿದ್ದರೆ ಅಲ್ಲಿಗೇ ಮುಗಿದುಹೋಗುತ್ತಿತ್ತು.

ಒಳಗೆ ಉದ್ದ ಮೇಜು, ಅರ್ಧ ಕುಡಿದ ಲೋಟಗಳು, ತಂಪು ಗಾಳಿಯ ಯಂತ್ರದ ಗುಂಯ್‌ಗುಟ್ಟುವಿಕೆ. ಅಧ್ಯಕ್ಷೆ ಆಗಲೇ ಎದ್ದು, ಕೈಚೀಲದ ಪಟ್ಟಿಯನ್ನು ಹೆಗಲಿಗೇರಿಸಿ, ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು. ಅರವತ್ತು ದಾಟಿದ ಸಣಕಲು ಹೆಂಗಸು. ಒಂದು ಕಾಲದಲ್ಲಿ ಇದೇ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡುತ್ತಿದ್ದವರು. ಕಾರ್ಯಾಚರಣೆಯ ಮುಖ್ಯಸ್ಥ ಫೋನು ಉಜ್ಜುತ್ತಿದ್ದ. ನಿರ್ದೇಶಕ ತಂತಿ ಸಿಕ್ಕಿಸಿದ. ಪರದೆಯ ಮೇಲೆ ಹಸಿರು ಚುಕ್ಕಿ ಆಳೆತ್ತರಕ್ಕೆ ಬೆಳೆದು ನಿಂತಿತು.

“ಆ ಚುಕ್ಕಿ ತಪ್ಪು ಮೇಡಂ,” ಅಂದಳು ಅವಳು. “ಅದು ಕೆಂಪಾಗಿರಬೇಕು.”

ಫೋನು ಉಜ್ಜುವ ಬೆರಳು ನಿಂತಿತು. ತನ್ನ ದನಿ ಅಗತ್ಯಕ್ಕಿಂತ ಜೋರಾಗಿದೆ, ಅತ್ತೆಗೆ ಹೇಳುವಷ್ಟು ಜೋರು, ಎಂದು ಅವಳಿಗೆ ಗೊತ್ತಾಯಿತು, ತಗ್ಗಿಸಲು ಪುರುಸೊತ್ತಿರಲಿಲ್ಲ. “ಮೂರನೇ ಮಹಡಿಯ ಆಕ್ಸಿಜನ್ ಪೈಪು ಸೋರ್ತಾ ಇದೆ. ಕೂಸುಗಳನ್ನ ಹನ್ನೊಂದು ದಿನಕ್ಕೆ ಅಲ್ಲಿಗೆ ತರೋಕಾಗಲ್ಲ. ಸೋರ್ತಾ ಇರೋದು ಗೋಡೆ ಒಳಗೆ. ಗೋಡೆ ಒಡೆದು ಸರಿಮಾಡಿ ಪರೀಕ್ಷೆ ಮಾಡೋಕೆ ಹದಿನೆಂಟು ದಿನ ಬೇಕು. ಒಂದನೇ, ಎರಡನೇ ಮಹಡಿ ಸಿದ್ಧವಾಗಿವೆ, ಅವನ್ನ ಹೇಳಿದ ದಿನಾನೇ ತೆರೀಬಹುದು. ನಿಮ್ಮಿಂದ ಎರಡು ತೀರ್ಮಾನ ಇವತ್ತೇ ಬೇಕು. ಒಂದು, ಕೂಸುಗಳು ಅಲ್ಲಿವರೆಗೆ ಹಳೇ ಕಟ್ಟಡದಲ್ಲೇ ಇರ್ಲಿ. ಎರಡು, ಚಿತ್ರ ಬರೆಸಿದ ಗೋಡೆ ಒಡೆಯೋಕೆ ಒಪ್ಪಿಗೆ ಕೊಡಿ.”

ಮುಗಿದಿತ್ತು. ಐವತ್ತು ಸೆಕೆಂಡೂ ಆಗಿರಲಾರದು. ಇನ್ನೂ ಏನೋ ಹೇಳಬೇಕೆಂದು ನಾಲಿಗೆ ಹವಣಿಸಿತು. ತಾಮ್ರ, ತೊಳೆಯುವ ವಿಧಾನ, ಎಪ್ಪತ್ತೆರಡು ಬೆಸುಗೆ. ಅವಳು ಹಲ್ಲು ಕಚ್ಚಿ ಸುಮ್ಮನಾದಳು. ಅಧ್ಯಕ್ಷೆ ಹೆಗಲಿನಿಂದ ಕೈಚೀಲ ಇಳಿಸಿ ಮೇಜಿನ ಮೇಲಿಟ್ಟು ಕೂತರು.

“ಯಾವಾಗ ಗೊತ್ತಾಯ್ತು?”

“ಇತ್ತೀಚೆಗೆ ಮೇಡಂ, ಅದು ಏನಾಯ್ತು ಅಂದ್ರೆ...” ಎಂದು ನಿರ್ದೇಶಕ ಶುರುಮಾಡಿದ.

“ಒಂದು ತಿಂಗಳ ಹಿಂದೆ,” ಅಂದಳು ಅವಳು. “ಹೋದ ಸಭೆಗೆ ಎರಡು ದಿನ ಮೊದಲು. ಹದಿನಾಲ್ಕನೇ ಪುಟದಲ್ಲಿ ಬರೆದಿದ್ದೆ. ಆರನೇ ಪುಟಕ್ಕೆ ಸಮಯ ಮುಗೀತು. ಮುಗಿಯೋ ಹಾಗೆ ಮಾತಾಡಿದ್ದು ನಾನೇ.”

“ಯಾಕೆ?”

ಇದಕ್ಕೆ ಮಾತ್ರ ಅವಳ ಹತ್ತಿರ ಬೇಕಾದಷ್ಟಿತ್ತು. ಗಾಳಿ ಬೀಸಿದ್ದು, ಚಿಲಕ ಸಡಿಲವಾದದ್ದು, ಯಾರೋ ಹೆಬ್ಬೆರಳೆತ್ತಿದ್ದು. ಎಲ್ಲ ಸಾಲಾಗಿ ನಿಂತು ‘ನನ್ನನ್ನು ಹೇಳು, ನನ್ನನ್ನು ಹೇಳು’ ಎನ್ನುತ್ತಿದ್ದವು. “ಹೆದರಿದೆ,” ಎಂದಳು.

ಕಾರ್ಯಾಚರಣೆಯ ಮುಖ್ಯಸ್ಥ ಏನೋ ಹೇಳಹೊರಟು, ಅಧ್ಯಕ್ಷೆಯ ಮುಖ ನೋಡಿ ನುಂಗಿಕೊಂಡ. ಅಧ್ಯಕ್ಷೆ ಪರದೆಯ ಮೇಲಿನ ಹಸಿರನ್ನು ನೋಡುತ್ತಿದ್ದರು. “ಹೋದ ತಿಂಗಳೇ ಹೇಳಿದ್ರೆ ಆ ಗೋಡೆಗೆ ನಾನು ಬಣ್ಣ ಹಚ್ಚಿಸ್ತಾನೇ ಇರ್ಲಿಲ್ಲ.”

“ಹೌದು ಮೇಡಂ.”

“ಚಿಕ್ಕ ತಪ್ಪಲ್ಲ ಇದು.”

“ಅಲ್ಲ.”

ಏಟು ಬಿದ್ದಾಗಿತ್ತು. ಅವಳು ಇನ್ನೂ ನಿಂತಿದ್ದಳು. ಕಾಲು ನೆಲದ ಮೇಲಿತ್ತು, ನೆಲ ಎಲ್ಲಿತ್ತೋ ಅಲ್ಲಿಯೇ ಇತ್ತು. ಅಷ್ಟೇನಾ ಇದು, ಎಂದು ಒಳಗೆ ಯಾರೋ ಬೆರಗಾಗಿ ಕೇಳಿದರು. ಇದಕ್ಕಾಗಿಯೇ ಮೂವತ್ತೆಂಟು ವರ್ಷ ಊರೆಲ್ಲ ಸುತ್ತಿದೆಯಾ?

“ಗೋಡೆ ಒಡೀರಿ,” ಎಂದರು ಅಧ್ಯಕ್ಷೆ. “ಕೆಳಗಿನ ಎರಡು ಮಹಡಿ ಹೇಳಿದ ದಿನಾನೇ ತೆರೆಯೋಣ. ಕೂಸುಗಳ ವಿಷಯ ನಾನು ಹಳೇ ವಾರ್ಡಿನೋರ ಹತ್ರ ಮಾತಾಡ್ತೀನಿ.” ನಿರ್ದೇಶಕನ ಕಡೆ ತಿರುಗಿದರು. “ಆ ಚುಕ್ಕಿ ಕೆಂಪು ಮಾಡ್ರಿ, ಕಣ್ಣಿಗೆ ಚುಚ್ತಾ ಇದೆ.” ಕೈಚೀಲ ಎತ್ತಿಕೊಂಡು ಬಾಗಿಲವರೆಗೆ ಹೋದವರು ನಿಂತರು. “ನೀವು. ನಾಳೆಯಿಂದ ದಿನಾ ಬೆಳಿಗ್ಗೆ ಎಂಟಕ್ಕೆ ನನಗೆ ಫೋನ್ ಮಾಡ್ಬೇಕು. ನೀವೇ ಮಾಡ್ಬೇಕು. ಈಗ ಹೇಳಿದ್ರಲ್ಲ, ಹಾಗೇ ಹೇಳ್ಬೇಕು.”

ಶಿಕ್ಷೆಯೋ ಬಹುಮಾನವೋ ತಿಳಿಯಲಿಲ್ಲ. ಹೊರಗೆ ಬಂದು ಬೆಂಚಿನ ಮೇಲೆ ಕೂತಳು. ಪಕ್ಕದಲ್ಲಿ ನಿರ್ದೇಶಕ ಬಂದು ಕೂತ. ಲ್ಯಾಪ್‌ಟಾಪು ಮಡಿಚುತ್ತ, “ನನ್ನ ಹೆಸರು ಎತ್ತಲಿಲ್ಲ ನೀವು,” ಎಂದ. “ಎರಡೇ ನಿಮಿಷ ಇತ್ತಲ್ಲ ಸಾರ್,” ಅಂದಳು. ಅಂದಮೇಲೆ ಅವಳಿಗೆ ನಗು ಬಂತು. ತಡೆಯಲು ಹೋದಷ್ಟೂ ಉಕ್ಕಿತು. ಹೆಂಗಸರ ಶೌಚಾಲಯಕ್ಕೆ ಓಡಿ, ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಆಮೇಲೆ ಎಷ್ಟು ಹಸಿವಾಯಿತೆಂದರೆ ಕ್ಯಾಂಟೀನಿನಲ್ಲಿ ಎರಡು ಊಟ ತರಿಸಿಕೊಂಡು ತಿಂದಳು.

ಗೋಡೆ ಒಡೆಯುವ ಮೊದಲ ಏಟನ್ನು ಯಜಮಾನರು ಬೇರೆಯವರಿಗೆ ಬಿಡಲಿಲ್ಲ. ಅವಳ ಮೇಲಿನ ಮುನಿಸು ಅವರಿಗೆ ಮೂರು ದಿನ ಉಳಿಯಿತು. ಬೇಕಾದಷ್ಟೇ ಮಾತು, ಮುಖ ಬೇರೆ ಕಡೆ. ಅವಳು ಕೆಲಸದವರನ್ನೆಲ್ಲ ಕೂರಿಸಿ, ಹೋದ ತಿಂಗಳು ಮೇಲಿನವರಿಗೆ ಹೇಳಿರಲಿಲ್ಲ, ಯಜಮಾನರಿಗೂ ಸುಳ್ಳು ಹೇಳಿದ್ದೆ, ತಪ್ಪು ನನ್ನದು ಎಂದು ಹೇಳಿದ ಮೇಲೆ, ನಾಲ್ಕನೆಯ ದಿನ ಅವರು ಟೀ ಲೋಟವನ್ನು ಅವಳ ಕಡೆ ಸರಿಸಿದರು. ಎಂಟು ಗಂಟೆಯ ಫೋನು ಮೊದಲ ದಿನ ಎರಡೂವರೆ ನಿಮಿಷವಾಯಿತು, ಅಧ್ಯಕ್ಷೆ ನಡುವೆಯೇ, “ಇದರಲ್ಲಿ ನಾನು ಮಾಡ್ಬೇಕಾದ್ದು ಏನಾದ್ರೂ ಇದೆಯಾ?” ಎಂದರು. “ಇಲ್ಲ.” “ಹಾಗಿದ್ರೆ ಇಡ್ತೀನಿ.” ಎರಡನೆಯ ದಿನದಿಂದ ಅವಳು ಮೂರು ಸಾಲು ಬರೆದಿಟ್ಟುಕೊಂಡಳು: ಏನಾಗಿದೆ, ಏನು ಆಗಬೇಕು, ನಿಮ್ಮಿಂದ ಏನು ಬೇಕು. ಐದನೆಯ ದಿನ ಮೂರನೆಯ ಸಾಲಿನಲ್ಲಿ ‘ಬೆಸುಗೆಯ ಕಡ್ಡಿ ಬರುವುದು ತಡವಾಗುತ್ತಿದೆ, ನೀವೊಂದು ಮಾತು ಹೇಳಬೇಕು’ ಎಂದಿತ್ತು; ಮಧ್ಯಾಹ್ನಕ್ಕೆ ಕಡ್ಡಿ ಬಂತು. ಇಷ್ಟು ವರ್ಷ ಅವಳು ಮೇಲಿನವರನ್ನು ದಾಟಬೇಕಾದ ಬಾಗಿಲು ಎಂದುಕೊಂಡಿದ್ದಳು. ಅವರಿಂದಲೂ ಕೆಲಸ ಮಾಡಿಸಬಹುದು ಎಂಬುದು ಹೊಸ ಸಂಗತಿ. ಹತ್ತನೆಯ ದಿನ, ಉರುಳಿಬಿದ್ದ ಮೀನುಗಳ ಹಿಂದೆ, ಕೂದಲೆಳೆಯಷ್ಟು ಸಣ್ಣ ಬಿರುಕು ಸಿಕ್ಕಿತು. ಸೋಪಿನ ನೀರು ಹಚ್ಚಿದಾಗ ಅಲ್ಲಿ ಒಂದು ಗುಳ್ಳೆ ಹುಟ್ಟಿತು, ಊದಿತು, ಒಡೆಯಿತು, ಮತ್ತೊಂದು ಹುಟ್ಟಿತು. ಯಜಮಾನರು ಅವಳ ತೋರುಬೆರಳು ಹಿಡಿದು ಅದರ ಮುಂದಿಟ್ಟರು. ಎಳೆಯ ಕೂಸು ಉಸಿರುಬಿಟ್ಟಷ್ಟು ಮೆಲ್ಲಗೆ, ತಣ್ಣನೆಯ ಗಾಳಿ. “ಇಷ್ಟೇ ನೋಡಿಯಮ್ಮಾ. ಇಷ್ಟಕ್ಕೆ ಇಷ್ಟೆಲ್ಲ.” ಹತ್ತೊಂಬತ್ತನ್ನೂ ಬಿಚ್ಚಿ ಹೊಸದಾಗಿ ಹಾಕಿದರು.

ಪರೀಕ್ಷೆಗೆ ಒತ್ತಡ ತುಂಬಿದ್ದು ಹದಿನೇಳನೆಯ ದಿನ ಬೆಳಿಗ್ಗೆ ಏಳೂಮುಕ್ಕಾಲಿಗೆ. ಮರುದಿನ ಅದೇ ಹೊತ್ತಿಗೆ ಅವಳೂ ಯಜಮಾನರೂ ಮಾಪಕದ ಮುಂದೆ ಪಕ್ಕಪಕ್ಕ ಕುಕ್ಕರುಗಾಲಿನಲ್ಲಿ ಕೂತರು. ಪೆನ್ಸಿಲಿನ ಗೆರೆಯ ಮೇಲೆ ಮುಳ್ಳು. ಒಂದು ಕಣ್ಣು ಮುಚ್ಚಿ ನೋಡಿದಳು, ಇನ್ನೊಂದು ಮುಚ್ಚಿ ನೋಡಿದಳು, ಯಜಮಾನರು ಗಾಜನ್ನು ಬೆರಳಿನಿಂದ ತಟ್ಟಿದರು, ಮುಳ್ಳು ಮಿಸುಕಲಿಲ್ಲ. “ಹದಿನೆಂಟು ಅಂದಿದ್ದೆ,” ಎಂದರು, ಅಲ್ಲವೆಂದ ಯಾರಿಗೋ ಹೇಳುವ ಹಾಗೆ. ಗೋಡೆಯಾಚೆ ನಿಂತಿದ್ದ ಕೆಲಸದವರಲ್ಲಿ ಒಬ್ಬ ಸಿಳ್ಳೆ ಹಾಕಿದ. ಅವಳು ಎದ್ದು ಕಿಟಕಿಯ ಹತ್ತಿರ ಹೋಗಿ, ಸರಿಯಾಗಿ ಎಂಟಕ್ಕೆ ಫೋನು ಮಾಡಿದಳು.

“ನಿಂತಿದೆ ಮೇಡಂ.”

“ಎಷ್ಟು ಗಂಟೆಯಿಂದ?”

“ಇಪ್ಪತ್ನಾಲ್ಕು.”

“ನನ್ನಿಂದ ಏನು ಬೇಕು?”

“ಕೂಸುಗಳು.”

ಅಧ್ಯಕ್ಷೆ ನಕ್ಕದ್ದನ್ನು ಅವಳು ಅದೇ ಮೊದಲು ಕೇಳಿದ್ದು. ಗಂಟಲೊಳಗೆ, ಕೆಮ್ಮಿನ ಹಾಗೆ, ಗಂಡಸಿನ ನಗು.

ಗಾಳಿಯ ಶುದ್ಧತೆಯ ಪರೀಕ್ಷೆಯೂ ಮುಗಿದು, ವೈದ್ಯರು ಸಹಿ ಹಾಕಿ, ನಾಲ್ಕು ದಿನದ ಮೇಲೆ ಕೂಸುಗಳು ಬಂದವು. ಹನ್ನೆರಡು. ಸಮಾರಂಭವೇನೂ ಇರಲಿಲ್ಲ, ಅದು ಕೆಳಗಿನ ಮಹಡಿಗಳಲ್ಲಿ ಹೇಳಿದ ದಿನವೇ ಆಗಿಹೋಗಿತ್ತು. ಗೋಡೆಯ ಮೇಲೆ ಬೂದುಬಣ್ಣದ ಗಾರೆ ಅಲ್ಲಲ್ಲಿ ಇನ್ನೂ ಹಸಿಯಾಗಿತ್ತು. ಕಚೇರಿಯಲ್ಲಿ ಅವಳ ಹೆಸರೂ ಬದಲಾಗಿರಲಿಲ್ಲ, ಪೀಠಿಕೆಯೇ, ಹೆಸರುಗಳು ಅಷ್ಟು ಬೇಗ ಉದುರುವುದಿಲ್ಲ. ಅವಳು ಬಾಗಿಲಿನ ಪಕ್ಕ, ಯಾರೂ ಕರೆಯದೆ, ಚಪ್ಪಲಿಯ ಮೇಲೆ ನೀಲಿ ಚೀಲ ಕಟ್ಟಿಕೊಂಡು ನಿಂತಿದ್ದಳು. ಗಾಜಿನ ಪೆಟ್ಟಿಗೆಗಳು ಚಕ್ರದ ಮೇಲೆ ಒಂದರ ಹಿಂದೊಂದು ಬಂದವು. ಮೊದಲನೆಯದರೊಳಗಿನ ಕೂಸು ಅವಳ ಮುಂಗೈಗಿಂತ ದೊಡ್ಡದಿರಲಿಲ್ಲ. ಕೆಂಪಗೆ, ಸಿಟ್ಟಿನಿಂದ ಮುಖ ಗಂಟಿಕ್ಕಿಕೊಂಡು, ಯಾರ ಜೊತೆಯೋ ಜಗಳಕ್ಕೆ ಹೊರಟ ಹಾಗಿತ್ತು. ದಾದಿ ಪೆಟ್ಟಿಗೆಯ ನಳಿಗೆಯನ್ನು ಗೋಡೆಯ ತೂಬಿಗೆ ಒತ್ತಿದಳು. ಟಕ್ಕೆಂದಿತು. ಸುಂಯ್ಯೆಂದು ಸಣ್ಣಗೆ, ಕಿವಿಗೊಟ್ಟರೆ ಮಾತ್ರ ಕೇಳುವಷ್ಟು, ಗಾಳಿ ಹರಿಯತೊಡಗಿತು. ಕೂಸಿನ ಎದೆ ಏರಿತು, ಇಳಿಯಿತು, ಏರಿತು. ಅವಳು ತನಗರಿವಿಲ್ಲದೆ ಒಂದು ಹೆಜ್ಜೆ ಮುಂದೆ ಬಂದಿದ್ದಳು.

“ಯಾರ್ರೀ ನೀವು?” ಎಂದಳು ದಾದಿ, ತಲೆಯೆತ್ತದೆ. “ಸ್ವಲ್ಪ ಸರೀರಿ, ದಾರಿಗೆ ಅಡ್ಡ ನಿಂತಿದ್ದೀರಿ. ಇನ್ನೂ ಹನ್ನೊಂದು ಬರಬೇಕು.”

ಅವಳು ಗೋಡೆಗೆ ಬೆನ್ನೊತ್ತಿ ಸರಿದು ನಿಂತಳು. ಹಸಿಗಾರೆಯ ತಂಪು ಬಟ್ಟೆಯೊಳಗಿಂದ ಬೆನ್ನಿಗೆ ತಾಕಿತು. ಎರಡನೆಯ ಪೆಟ್ಟಿಗೆ ಅವಳ ಮೂಗಿನ ಮುಂದೆಯೇ ಉರುಳಿಹೋಯಿತು, ಅದರ ಹಿಂದೆ ಮೂರನೆಯದು. ಟಕ್, ಎಂದಿತು ಗೋಡೆ. ಟಕ್.